ಮಹಾಚೈತ್ಯದ ಕಲ್ಲುಗಳ ಬಿಡಾರ

ವಸ್ತುಸಂಗ್ರಹಾಲಯದ ಕಟ್ಟಡ ದುರಸ್ತಿಗೆ ಬಂದರೆ ಒಳಗಿನ ಮೂರ್ತಿ, ಶಾಸನ, ನಾಣ್ಯಗಳನ್ನು ಬೇರೆ ಕಡೆ ಸಾಗಿಸುತ್ತಾರೆ. ಕೆಲಸ ಮುಗಿದ ಮೇಲೆ ವಾಪಸು ತರುತ್ತಾರೆ. ಎಲ್ಲ ಕಡೆಯೂ ಇದೇ ರೂಢಿ. ಕನಗನಹಳ್ಳಿಗೆ ಈ ರೂಢಿ ಒಗ್ಗುವುದಿಲ್ಲ. ಅಲ್ಲಿ ದುರಸ್ತಿಗೆ ಬಂದ ಕಟ್ಟಡವೇ ಎರಡು ಸಾವಿರ ವರ್ಷದ ಬೌದ್ಧ ಮಹಾಚೈತ್ಯ. ಬೇರೆ ಕಡೆ ಇಟ್ಟು ಕಾಪಾಡಬೇಕಾದ ಸಾಮಾನೆಂದರೆ ಆ ಚೈತ್ಯದ ಮೈಗೆ ಹೊದಿಸಿದ್ದ ಕೆತ್ತನೆಯ ಕಲ್ಲುಗಳು. ಕಲ್ಲನ್ನು ಒಳಗಿಟ್ಟರೆ ಚೈತ್ಯ ಬೋಳಾಗುತ್ತದೆ, ಚೈತ್ಯಕ್ಕೆ ಹಚ್ಚಿದರೆ ಸಂಗ್ರಹಾಲಯ ಬರಿದಾಗುತ್ತದೆ. 1990ರ ದಶಕದಲ್ಲಿ ಆ ಕಲ್ಲುಗಳು ಮಣ್ಣಿನಿಂದ ಮೇಲೆದ್ದಾಗಲೇ ಬಿದ್ದ ಗಂಟು ಇದು. ಗಂಟು ಬಿಚ್ಚದೆ ಉಳಿದದ್ದರಿಂದಲೇ ಕಲ್ಲುಗಳನ್ನು ಇಟ್ಟ ತಗಡಿನ ಶೆಡ್ಡಿನ ಬಿಡಾರ ದಶಕಗಳವರೆಗೆ ಬೆಳೆಯಿತು. ಆದ್ದರಿಂದ ಈ ಸಂಗ್ರಹದ ಚರಿತ್ರೆಯನ್ನು ಉದ್ಘಾಟನೆಯ ಫಲಕದಿಂದ ಶುರುಮಾಡಲು ಬರುವುದಿಲ್ಲ. ಶೆಡ್ಡಿನಿಂದಲೇ ಶುರುಮಾಡಬೇಕು. ಶೆಡ್ಡಿಗೂ ಮೊದಲು ಆ ಕಲ್ಲುಗಳು ಎಲ್ಲೆಲ್ಲಿ ಬೀಡುಬಿಟ್ಟಿದ್ದವು ಎಂಬುದನ್ನೂ ಹೇಳಬೇಕು.

ಕನಗನಹಳ್ಳಿಯ ಪಕ್ಕದ ಸನ್ನತಿ ನಾಲವಾರದವರಿಗೆ ದೂರದ ಊರಲ್ಲ. ವಾಡಿ–ರಾಯಚೂರು ಮಾರ್ಗದಲ್ಲಿ ಬರುವ, ಸನ್ನತಿಯ ದೇವಿ ಚಂದ್ರಲಾಂಬೆಯ ಭಕ್ತರು ಇಳಿಯುವುದು ನಮ್ಮ ಸ್ಟೇಷನ್ನಿನಲ್ಲಿ. ಅಲ್ಲಿಂದ ಭೀಮೆಯ ದಂಡೆಗೆ ಸುಮಾರು 20 ಕಿಲೋಮೀಟರ್. ಕೋರಿಸಿದ್ಧೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಎಷ್ಟೋ ಮಂದಿ ಸನ್ನತಿಯ ದೇವಿಗೂ ನಡೆದುಕೊಳ್ಳುವವರೇ. ಕಾಯಿ ಒಡೆಸಿ, ಹೊಳೆಯಲ್ಲಿ ಕಾಲು ತೊಳೆದು, ಮಧ್ಯಾಹ್ನದ ಹೊತ್ತಿಗೆ ತಿರುಗಿ ಬರುವುದು ಹಳೆಯ ಪದ್ಧತಿ. ದೇವಸ್ಥಾನದಿಂದ ಮೂರು ಕಿಲೋಮೀಟರಿನಷ್ಟು ಹತ್ತಿರದಲ್ಲೇ ಇರುವ ಕನಗನಹಳ್ಳಿಯ ದಿಬ್ಬಕ್ಕೆ ಹೋಗುವವರು ಮಾತ್ರ ಕಡಿಮೆ. ಹೋದವರನ್ನು ಹೊಲದಾಗಿನ ಮಂದಿ ‘ಕಲ್ಲು ನೋಡಾಕ ಬಂದೀರೇನ್ರಿ?’ ಎಂದು ಕೇಳುತ್ತಾರೆ. ದೇವರು ನೋಡಲು ಬರುವವರು ಬೇರೆ, ಕಲ್ಲು ನೋಡಲು ಬರುವವರು ಬೇರೆ ಎಂಬುದು ಈ ಭಾಗದಲ್ಲಿ ಇತ್ಯರ್ಥವಾದ ವಿಷಯ.

ಮುಂಬಯಿ ಕಡೆಯ ರೈಲು ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಅಲ್ಲಿಂದ ಮುಂದೆ ಎಂಬತ್ತು ವರ್ಷ, ಮುಂಬಯಿ–ಮದ್ರಾಸಿನ ಗಾಡಿಗಳು ದಕ್ಖನ್ನಿನ ದೊಡ್ಡ ಬೌದ್ಧ ನೆಲೆಯೊಂದಕ್ಕೆ ಅರ್ಧ ದಿನದ ಚಕ್ಕಡಿ ದಾರಿಯಷ್ಟು ಸಮೀಪದಲ್ಲೇ ಹಾಯ್ದು ಹೋದವು. ಒಳಗೆ ಕುಳಿತಿದ್ದ ಪಂಡಿತರಿಗಾಗಲಿ ಅಧಿಕಾರಿಗಳಿಗಾಗಲಿ ಇದರ ಸುಳಿವು ಸಿಗಲಿಲ್ಲ. ಸಿಗದಿದ್ದದ್ದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತೇನೋ. ನಮ್ಮ ಹಳಿಗೆ ಕೆಲವು ವರ್ಷ ಮೊದಲು ಪಂಜಾಬಿನ ಕಡೆ ಲಾಹೋರ್–ಮುಲ್ತಾನ್ ರೈಲು ಹಾಕಿದ ಗುತ್ತಿಗೆದಾರರು ಹರಪ್ಪಾದ ಇಟ್ಟಿಗೆಗಳನ್ನು ಅಗೆದು ಹಳಿಯ ಕೆಳಗೆ ಸುರಿದಿದ್ದರು. ನಮ್ಮ ಕಡೆ ಕಲ್ಲಿಗೆ ಬರವಿರಲಿಲ್ಲ. ಚೈತ್ಯದ ಕಲ್ಲಿಗೆ ಕೈಹಾಕುವ ಅಗತ್ಯ ಯಾರಿಗೂ ಬೀಳಲಿಲ್ಲ.

ಈ ನಾಡು ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಪುರಾತತ್ವ ಇಲಾಖೆ ಹುಟ್ಟಿದ್ದು 1914ರಲ್ಲಿ. ಅದರ ಮೊದಲ ನಿರ್ದೇಶಕರು ಗುಲಾಂ ಯಜ್ದಾನಿ. ಇಲಾಖೆ ನಮ್ಮ ತಾಲ್ಲೂಕನ್ನು ಕಡೆಗಣಿಸಿತ್ತೆಂದು ಹೇಳುವಂತಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯ ಶಾಸನಗಳನ್ನು ಅದು 1928ರಲ್ಲೇ ತನ್ನ ಗ್ರಂಥಮಾಲೆಯ ಎಂಟನೆಯ ಪುಸ್ತಕವಾಗಿ ಅಚ್ಚು ಹಾಕಿಸಿತು. ಆದರೆ ವಸ್ತುಗಳನ್ನು ಕೂಡಿಡುವ ಮನೆ ಮಾತ್ರ ಹೈದರಾಬಾದಿನಲ್ಲಿತ್ತು. ಅಲ್ಲಿನ ಬಾಗ್-ಎ-ಆಮ್‌ನಲ್ಲಿ 1930ರ ಹೊತ್ತಿಗೆ ಮ್ಯೂಸಿಯಂ ಎದ್ದಿತ್ತು. ಜಿಲ್ಲೆಗೊಂದು ಸಂಗ್ರಹಾಲಯ ಬೇಕೆಂಬ ಮಾತು ಇಲ್ಲಿ ತಡವಾಗಿ ಬಂತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು, ಕಡತಗಳು ಹೈದರಾಬಾದಿನಿಂದ ಬೆಂಗಳೂರಿಗೆ ದಾರಿ ಬದಲಿಸಿದವು. ಸನ್ನತಿ ಪಂಡಿತರ ಕಣ್ಣಿಗೆ ಬಿದ್ದದ್ದು ಈ ಎರಡು ಇಸವಿಗಳ ನಡುವೆ, 1954ರಲ್ಲಿ. ಬೀಳಿಸಿದವರು ಕಪಟರಾಳ ಕೃಷ್ಣರಾಯರು. ಸರ್ಕಾರಿ ಶಿಬಿರ, ಜೀಪು, ಗುಮಾಸ್ತರನ್ನು ಕಟ್ಟಿಕೊಂಡು ಬಂದ ಶೋಧವಲ್ಲ ಅದು. ಈ ಭಾಗದ ಶಾಸನ, ಮತಪಂಥಗಳ ಚರಿತ್ರೆಯ ಹಿಂದೆ ಬಿದ್ದಿದ್ದ ಒಬ್ಬ ಸಂಶೋಧಕರ ತಿರುಗಾಟದ ಫಲ. ಅವರ ತರುವಾಯ ಪಿ.ಬಿ. ದೇಸಾಯಿ, ಎಂ. ಶೇಷಾದ್ರಿ, ಎಂ.ಎಸ್. ನಾಗರಾಜರಾವ್ ಅವರಂಥವರು ಇಲ್ಲಿನ ಬ್ರಾಹ್ಮಿ ಬರಹಗಳನ್ನೂ ಶಿಲ್ಪದ ತುಂಡುಗಳನ್ನೂ ಓದಿ ಬರೆದರು.

ಅಷ್ಟು ಹೊತ್ತಿಗೆ ಕಲ್ಲುಗಳ ಮೊದಲ ಬಿಡಾರ ಯಾವುದಾಗಿತ್ತು? ಊರೇ ಆಗಿತ್ತು. ಹೊಲ ಉಳುವಾಗ ನೇಗಿಲಿಗೆ ಸಿಕ್ಕ ಕೆತ್ತನೆಯ ಕಲ್ಲನ್ನು ಬದುವಿಗೆ ಎಸೆಯಲು ನಮ್ಮ ರೈತನಿಗೆ ಮನಸ್ಸು ಬರುವುದಿಲ್ಲ. ಗುಡಿಯ ಗೋಡೆಗೋ ಬೇವಿನ ಕಟ್ಟೆಗೋ ತಂದು ಒರಗಿಸುತ್ತಾನೆ, ಹಬ್ಬದ ದಿನ ಅದಕ್ಕೂ ಒಂದು ಬೊಟ್ಟು ಕುಂಕುಮ ಬೀಳುತ್ತದೆ. ಪುರಾತತ್ವದವರು ಇದನ್ನು ಕಂಡು ಹಣೆ ಚಚ್ಚಿಕೊಳ್ಳುತ್ತಾರೆ: ಕಲ್ಲು ಎಲ್ಲಿತ್ತು, ಯಾವ ಮಗ್ಗುಲಾಗಿ ಬಿದ್ದಿತ್ತು ಎಂಬ ಸಾಕ್ಷ್ಯ ಹೋಗಿಬಿಡುತ್ತದೆ. ಅವರ ಮಾತು ಸರಿ. ಆದರೆ ಕಲ್ಲು ಉಳಿಯಿತಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೀಗೆ ಉಳಿದ ಕಲ್ಲುಗಳಲ್ಲಿ ಹೆಸರಾದದ್ದು ಅಶೋಕನ ಶಾಸನ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಮಣ್ಣುಕಲ್ಲು ತೆರವು ಮಾಡಿ ಹೊಸದಾಗಿ ಕಟ್ಟುವ ಕೆಲಸ ಹಿಡಿದಾಗ, ಮೂರ್ತಿ ನಿಂತಿದ್ದ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಕಲ್ಲಿನ ಎರಡೂ ಮುಖಕ್ಕೆ ಬರಹವಿತ್ತು. ಒಂದು ಕಡೆ ಅಶೋಕನ 12 ಮತ್ತು 14ನೆಯ ಬಂಡೆಗಲ್ಲು ಶಾಸನಗಳು, ಇನ್ನೊಂದು ಕಡೆ ‘ಪ್ರತ್ಯೇಕ ಶಾಸನ’ ಎಂದು ಕರೆಯುವ ಎರಡು ಆಜ್ಞೆಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ದೊರೆತದ್ದು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಗೆದ್ದ ಕಳಿಂಗಕ್ಕೆಂದೇ ಬರೆಸಿದ್ದು ಎಂದು ವಿದ್ವಾಂಸರು ನಂಬಿದ್ದ ಮಾತು ಭೀಮೆಯ ದಂಡೆಯಲ್ಲೂ ಸಿಕ್ಕಿದ್ದರಿಂದ ಹಳೆಯ ತೀರ್ಮಾನಗಳನ್ನು ಮತ್ತೆ ತೂಗಿ ನೋಡಬೇಕಾಯಿತು. ಕೆ.ವಿ. ರಮೇಶ್ ಮತ್ತು ಇಂಗ್ಲೆಂಡಿನ ಕೆ.ಆರ್. ನಾರ್ಮನ್ ಪಾಠವನ್ನು ಓದಿ ಪ್ರಕಟಿಸಿದರು. ಮೂರ್ತಿಯ ಬುಡ ಕೂರಿಸಲು ಕಲ್ಲಿನ ನಡುವೆ ಚೌಕಾಕಾರವಾಗಿ ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಹೋಗಿವೆ. ಪರರ ಪಂಥವನ್ನು ಹಳಿಯಬೇಡಿ, ಎಲ್ಲ ಪಂಥದವರ ಮಾತಿಗೂ ಕಿವಿಗೊಡಿ ಎನ್ನುವುದು ಆ 12ನೆಯ ಶಾಸನದ ಸಾರ. ಅದನ್ನು ಬರೆದ ಕಲ್ಲು ಬಹುಕಾಲ ಕಾಳಿಯ ಪಾದದಡಿ ತಣ್ಣಗಿತ್ತು. ಅದನ್ನು ನಮಗೆ ಉಳಿಸಿಕೊಟ್ಟವನು ಓದು ಬಾರದ ಯಾವನೋ ಒಬ್ಬ ಕಲ್ಲುಕುಟಿಗ. ಸಮತಟ್ಟಾದ ದಪ್ಪ ಹಾಸುಗಲ್ಲು ಸಿಕ್ಕಿತೆಂದು ಖುಷಿಪಟ್ಟಿರಬೇಕು.

ಮಾಳಿಗೆ ಬಿದ್ದ ಆ ದಶಕದಲ್ಲೇ ಶಾಸ್ತ್ರೋಕ್ತ ಅಗೆತವೂ ಆರಂಭವಾಯಿತು. ಸನ್ನತಿಯ ಕೋಟೆಯೊಳಗಿನ ರಣಮಂಡಲ ಎಂಬ ಭಾಗದಲ್ಲಿ 1986ರಿಂದ 1989ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯೂ ಬ್ರಿಟನ್ನಿನ ದಕ್ಷಿಣ ಏಷ್ಯಾ ಅಧ್ಯಯನ ಸಂಘವೂ ಕೂಡಿ ಉತ್ಖನನ ನಡೆಸಿದವು. ಅದರ ವರದಿಯನ್ನು ಜೇಮ್ಸ್ ಹೋವೆಲ್ ಬರೆದರು, 1995ರಲ್ಲಿ ಪ್ರಕಟವಾಯಿತು. ಕನಗನಹಳ್ಳಿಯ ದಿಬ್ಬಕ್ಕೆ ಗುದ್ದಲಿ ಬಿದ್ದದ್ದು 1994ರಿಂದ, ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ. ಹೊಲದ ನಡುವೆ ಹುಲ್ಲು, ಜಾಲಿ ಬೆಳೆದು ನಿಂತಿದ್ದ ದಿಬ್ಬ ಅದು.

ಅದರ ಕೆಳಗೆ ಇದ್ದದ್ದು ಶಾಸನಗಳಲ್ಲಿ ‘ಅಧೋಲೋಕ ಮಹಾಚೈತ್ಯ’ ಎಂದು ಕರೆಸಿಕೊಂಡ ಸ್ತೂಪ. ಬಿದ್ದುಹೋಗಿತ್ತು ನಿಜ, ಆದರೆ ಬಿದ್ದ ಜಾಗ ಬಿಟ್ಟು ಕದಲಿರಲಿಲ್ಲ. ಅಮರಾವತಿಯ ಸ್ತೂಪವನ್ನು ಸುಣ್ಣ ಸುಡುವವರೂ ಮನೆ ಕಟ್ಟುವವರೂ ಪ್ರಾಚೀನ ವಸ್ತುಗಳ ಹುಚ್ಚಿನವರೂ ಹಂಚಿಕೊಂಡು ಒಯ್ದರು. ಕನಗನಹಳ್ಳಿಯ ಮುಖ್ಯ ಚಪ್ಪಡಿಗಳು ತಮ್ಮ ತಮ್ಮ ಸ್ಥಾನದ ಮುಂದೆಯೇ ಬಿದ್ದು ಹೂತುಹೋಗಿದ್ದವು. ಮುಖ ಕೆಳಗಾಗಿ ಬಿದ್ದ ಕಲ್ಲುಗಳ ಕೆತ್ತನೆ ಉಳಿಯ ಗುರುತು ಕಾಣುವಷ್ಟು ಚೊಕ್ಕಟವಾಗಿ ಉಳಿದಿತ್ತು. ಬುದ್ಧನ ಜೀವನದ ಪ್ರಸಂಗಗಳು, ಜಾತಕ ಕಥೆಗಳು, ಧರ್ಮಚಕ್ರ, ಬೋಧಿವೃಕ್ಷ, ಪಾದುಕೆ, ಮುಂದಿನ ಕಾಲದ ಬುದ್ಧನ ಮೂರ್ತಿಗಳು, ಸಾತವಾಹನರ ಸೀಸದ ನಾಣ್ಯಗಳು, ಜೊತೆಗೆ ನೂರಾರು ಬ್ರಾಹ್ಮಿ ಬರಹಗಳು ಸಿಕ್ಕವು. ಬರಹಗಳಲ್ಲಿ ಬಹುಪಾಲು ಇಂಥ ಗೃಹಸ್ಥ, ಇಂಥ ಭಿಕ್ಷುಣಿ ಈ ಕಲ್ಲನ್ನು ದಾನ ಕೊಟ್ಟರು ಎನ್ನುವ ಒಂದೊಂದು ಸಾಲು. ಇನ್ನು ಕೆಲವು ಚಿತ್ರದಲ್ಲಿರುವವರು ಯಾರೆಂದು ಹೇಳುವ ತಲೆಬರಹ. ಈ ತಲೆಬರಹಗಳೇ ಕನಗನಹಳ್ಳಿಯನ್ನು ಮಿಕ್ಕ ಸ್ತೂಪಗಳಿಂದ ಬೇರೆ ಮಾಡಿದವು. ಸಾತವಾಹನ ಅರಸರು ಇಲ್ಲಿ ಹೆಸರು ಹೊತ್ತು ನಿಂತಿದ್ದಾರೆ. ಪುಳುಮಾವಿ ಉಜ್ಜಯಿನಿಯನ್ನು ಬಿಟ್ಟುಕೊಡುವ ದೃಶ್ಯವೂ ಇದೆ. ಎಲ್ಲಕ್ಕೂ ಮಿಗಿಲಾಗಿ, ರಾಣಿ ಪಕ್ಕದಲ್ಲಿ ನಿಂತು, ಸೇವಕಿಯರು ಛತ್ರ ಚಾಮರ ಹಿಡಿದಿರುವ ಒಬ್ಬ ರಾಜನ ಚಿತ್ರಕ್ಕೆ ‘ರಾಯೋ ಅಸೋಕೋ’ ಎಂಬ ತಲೆಬರಹವಿದೆ. ಅಶೋಕನ ಹೆಸರು ಶಾಸನದಲ್ಲಿ ನೇರವಾಗಿ ಓದಲು ಸಿಕ್ಕಿದ್ದು 1915ರಲ್ಲಿ, ಇಲ್ಲಿಂದ ದಕ್ಷಿಣಕ್ಕಿರುವ ಮಸ್ಕಿಯ ಬಂಡೆಯಲ್ಲಿ. ಅವನ ಚಿತ್ರಕ್ಕೆ ಹೆಸರು ಬರೆದದ್ದು ದೊರೆತದ್ದು ಕನಗನಹಳ್ಳಿಯಲ್ಲಿ. ಅಶೋಕ ತೀರಿಕೊಂಡು ಬಹುಕಾಲವಾದ ಮೇಲೆ ಕೆತ್ತಿದ್ದು, ಮುಖದ ಪಡಿಯಚ್ಚು ಎಂದು ಯಾರೂ ಹೇಳಲಾರರು. ಆದರೂ ಅವನನ್ನು ಎರಡು ಸಾವಿರ ವರ್ಷದ ಹಿಂದೆ ನಮ್ಮ ಭೀಮಾ ತೀರದ ಮಂದಿ ಹೇಗೆ ಊಹಿಸಿಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಪೂಣಚ್ಚ ಅವರ ವರದಿ ಇಲಾಖೆಯ ಗ್ರಂಥಮಾಲೆಯ 106ನೆಯ ಸಂಪುಟವಾಗಿ ಬರಲು ಅಗೆತ ಮುಗಿದು ಹತ್ತು ವರ್ಷ ಮೀರಿತು. 2014ರಲ್ಲಿ ಜಪಾನಿನ ಸೋಕಾ ವಿಶ್ವವಿದ್ಯಾಲಯದಿಂದ ನಾಕಾನಿಶಿ ಮತ್ತು ಫಾನ್ ಹಿನ್ಯೂಬರ್ ಇಲ್ಲಿನ ಬರಹಗಳನ್ನೆಲ್ಲ ಓದಿ ಪುಸ್ತಕ ತಂದರು. ಟೋಕಿಯೋದ ವಿದ್ಯಾರ್ಥಿ ಈ ಚಪ್ಪಡಿಗಳನ್ನು ಪುಟ ತಿರುವಿ ನೋಡುವ ಹೊತ್ತಿಗೆ ಚಪ್ಪಡಿಗಳು ಮಾತ್ರ ಹೊಲದ ನಡುವೆ ತಗಡಿನ ಕೆಳಗೆ, ಕೆಲವು ಬಯಲಲ್ಲೇ ಇದ್ದವು.

ಶೆಡ್ಡು ಎಂದಕೂಡಲೇ ಮೂಗು ಮುರಿಯುವ ಅಭ್ಯಾಸ ನಮಗಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಗೆತದ ಬಯಲಲ್ಲಿ ತಗಡಿನ ಶೆಡ್ಡು ಅವಮಾನದ ವಸ್ತುವಲ್ಲ, ತಕ್ಷಣದ ಔಷಧಿ. ಇಲ್ಲಿನ ಕಲ್ಲಿನ ಗುಣ ತಿಳಿದವರಿಗೆ ಅದು ಬೇಗ ಅರ್ಥವಾಗುತ್ತದೆ. ಚೈತ್ಯಕ್ಕೆ ಹೊದಿಸಿದ್ದು ಈ ಸೀಮೆಯ ಸುಣ್ಣಕಲ್ಲು. ಶಹಾಬಾದಿನ ಫರಸಿ ಎಂದು ಮನೆಯ ನೆಲಕ್ಕೂ ಮಾಳಿಗೆಗೂ ಹಾಸುವುದು ಈ ಜಾತಿಯ ಕಲ್ಲನ್ನೇ. ವಾಡಿಯ ಸಿಮೆಂಟು ಕಾರ್ಖಾನೆಗೆ ಹೋಗುವುದೂ ಭೀಮಾ ಕಣಿವೆಯ ಸುಣ್ಣಕಲ್ಲೇ. ಪದರ ಪದರವಾಗಿ ಏಳುತ್ತದೆ, ಉಳಿಗೆ ಬೇಗ ಬಗ್ಗುತ್ತದೆ, ಸಣ್ಣ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನೀರಿಗೆ ಸೋಲುತ್ತದೆ. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿ ಬೀಳುತ್ತದೆ, ಆ ಹುಳಿಗೆ ಸುಣ್ಣ ಕರಗುತ್ತದೆ. ಒಂದೆರಡು ಮಳೆಗಾಲಕ್ಕೆ ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ತು ಮೂವತ್ತು ಮಳೆಗಾಲಕ್ಕೆ ಮೂಗು ಸವೆಯುತ್ತದೆ, ಬಳೆಯ ಗೆರೆ ಅಳಿಸುತ್ತದೆ, ಅಕ್ಷರದ ಅಂಚು ದುಂಡಾಗುತ್ತದೆ. ಇನ್ನೊಂದು ಶತ್ರು ನೆಲದ ಉಪ್ಪು. ಕಪ್ಪು ಎರೆಮಣ್ಣಿನ ತೇವ ಕಲ್ಲಿನೊಳಗೆ ಏರಿ, ಬೇಸಗೆಯಲ್ಲಿ ಆರುವಾಗ ಉಪ್ಪು ಹರಳುಗಟ್ಟಿ ಮೇಲಿನ ಪದರವನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ. ನಲವತ್ತರ ಮೇಲೆ ಬಿಸಿಲು ಏರುವ ನಮ್ಮ ಸೀಮೆಯಲ್ಲಿ ಈ ನೆನೆಯುವ ಆರುವ ಆಟ ಜೋರು. ಮಣ್ಣಿನೊಳಗೆ ಮುಖ ಮುಚ್ಚಿಕೊಂಡಿದ್ದ ಕಲ್ಲು ಎರಡು ಸಾವಿರ ವರ್ಷ ತಾಳಿತು. ಅದೇ ಕಲ್ಲನ್ನು ಎತ್ತಿ ಬಯಲಿಗೆ ಇಟ್ಟ ದಿನದಿಂದ ಅದರ ಆಯುಷ್ಯದ ಲೆಕ್ಕ ಬೇರೆ.

ಹಾಗಾದರೆ ಒಳ್ಳೆಯ ತಾತ್ಕಾಲಿಕ ಜಾಗ ಹೇಗಿರಬೇಕು? ಕಲ್ಲು ನೆಲ ಮುಟ್ಟಬಾರದು. ಕೆಳಗೆ ಮರದ ದಿಮ್ಮಿಯೋ ಇಟ್ಟಿಗೆಯ ಕಟ್ಟೆಯೋ ಇದ್ದು ಗಾಳಿ ಆಡಬೇಕು. ಒಂದರ ಮೇಲೊಂದು ಪೇರಿಸಿದರೆ ಅಡಿಯ ಚಪ್ಪಡಿ ಬಿರಿಯುತ್ತದೆ, ಆದ್ದರಿಂದ ಅಂಚಿನ ಮೇಲೆ ನಿಲ್ಲಿಸಿ ಒರಗು ಕೊಡಬೇಕು. ಮೇಲಿನ ತಗಡು ಸೋರಬಾರದು, ಅದರ ಹನಿ ಕಲ್ಲಿಗೆ ಬೀಳುವಂತಿರಬಾರದು. ಎತ್ತುವಾಗ ಸರಪಳಿಗೂ ಕಲ್ಲಿಗೂ ನಡುವೆ ಗೋಣಿ ಇರಬೇಕು. ಅಗಸಿಯ ಬಾಗಿಲು, ಗುಡಿಯ ಕಂಬ ನಿಲ್ಲಿಸಿ ರೂಢಿಯಿರುವ ಊರ ವಡ್ಡರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇವೆಲ್ಲಕ್ಕಿಂತ ಹೆಚ್ಚಿನದು ದಾಖಲೆ ಪುಸ್ತಕ. ಯಾವ ಚಪ್ಪಡಿ ಚೈತ್ಯದ ಯಾವ ದಿಕ್ಕಿನಲ್ಲಿ, ಯಾವ ಸಾಲಿನಲ್ಲಿ ಇತ್ತು, ಯಾವ ತುಂಡು ಯಾವುದಕ್ಕೆ ಕೂಡುತ್ತದೆ, ಸಿಕ್ಕಾಗ ಎಷ್ಟು ಒಡೆದಿತ್ತು, ಈಗ ಎಷ್ಟು ಒಡೆದಿದೆ ಎಂಬುದು ಕಲ್ಲಿನ ಮೇಲಿನ ನಂಬರಿಗೂ ಪುಸ್ತಕದ ನಂಬರಿಗೂ ತಾಳೆಯಾಗುವಂತೆ ಬರೆದಿರಬೇಕು. ನಂಬರು ತಪ್ಪಿದ ದಿನ ಚೈತ್ಯದ ಅಂಗ ಬಿಡಿ ಶಿಲ್ಪವಾಗಿಬಿಡುತ್ತದೆ.

ಹೀಗೆ ಕಾದಿಡುವ ಕಾಯಕ ನಮ್ಮ ತಾಲ್ಲೂಕಿಗೆ ಹೊಸದೂ ಅಲ್ಲ. ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿ ಬಿಟ್ಟ ಉಲ್ಲೇಖವಿದೆ. ಪುಸ್ತಕ ಕಾಯುವವರು, ಓದಿಸುವವರಲ್ಲ. ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕ ಮಧುಸೂದನ ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳದೆ, ಕಾಯುವವರ ಹೊಟ್ಟೆಗೂ ಹೊಲ ಬಿಟ್ಟ. ಇಂದಿನ ಯೋಜನಾ ವರದಿಗಳಲ್ಲಿ ಕಟ್ಟಡದ ಅಂದಾಜು ಪುಟಗಟ್ಟಲೆ ಇರುತ್ತದೆ, ಕಾವಲುಗಾರನ ಸಂಬಳಕ್ಕೆ ಒಂದು ಸಾಲು ಹುಡುಕಬೇಕು.

ಬಿಡಾರದ ಬದುಕು ಕನಗನಹಳ್ಳಿಯೊಂದರದ್ದೇ ಅಲ್ಲ. ಕರ್ನಾಟಕದ ಹಳೆಯ ಸಂಗ್ರಹಾಲಯಗಳು ಹೆಚ್ಚುಕಡಿಮೆ ಪರರ ಮನೆಯಲ್ಲೇ ಬೆಳೆದವು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ 1865ರಲ್ಲಿ ದಂಡು ಪ್ರದೇಶದ ಹಳೆಯ ಜೈಲು ಕಟ್ಟಡದಲ್ಲಿ ತೆರೆಯಿತು. ಹಿಂದೆ ನಿಂತವರು ಮದ್ರಾಸಿನ ಮ್ಯೂಸಿಯಂ ಕಟ್ಟಿ ಅನುಭವವಿದ್ದ ವೈದ್ಯ ಎಡ್ವರ್ಡ್ ಬಾಲ್ಫೋರ್. ಕಬ್ಬನ್ ಉದ್ಯಾನದ ಅಂಚಿನ ಈಗಿನ ಕೆಂಪು ಕಟ್ಟಡಕ್ಕೆ ಅದು ಬಂದದ್ದು 1877ರಲ್ಲಿ. ಬಿಟ್ಟುಬಂದ ಜಾಗದ ಬೀದಿಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಇಂದಿಗೂ ಅಂಟಿದೆ. ವಿಜಯಪುರದಲ್ಲಿ 1892ರಲ್ಲಿ ಹುಟ್ಟಿದ ಸಂಗ್ರಹ ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿದೆ. ಹಂಪಿಯ ಶಿಲ್ಪಗಳು ಮೊದಲು ಗಜಶಾಲೆಯ ಕಟ್ಟಡಗಳಲ್ಲಿ ಕೂಡಿದ್ದವು. ಕಮಲಾಪುರದ ಕಟ್ಟಡಕ್ಕೆ 1972ರಲ್ಲಿ ಹೋದವು. ನಮ್ಮ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವೂ ಹಾಗೆಯೇ: ಸೇಡಂ ರಸ್ತೆಯ ಬದಿಯಲ್ಲಿ ಬಹಮನಿ ಕಾಲದ, 14ನೆಯ ಶತಮಾನದ ಎರಡು ಗುಮ್ಮಟಗಳೇ ಅದರ ಮನೆ. ಗೋರಿಗೆಂದು ಕಟ್ಟಿದ ಗುಮ್ಮಟದೊಳಗೆ ಸನ್ನತಿಯ ಬೌದ್ಧ ಶಿಲ್ಪಗಳು ನಿಂತಿವೆ. ಜೋಡಿ ಕುಳಿತ ದಂಪತಿ, ಎತ್ತಿನ ಬಂಡಿ ಕೆತ್ತಿದ ಸನ್ನತಿಯ ಸ್ಮಾರಕ ಶಿಲೆಗಳನ್ನು ಅಂಥ ಮಬ್ಬು ಬೆಳಕಿನಲ್ಲಿ ನೋಡುವುದೇ ಚೆಂದ ಎಂದು ನನಗೆ ಅನ್ನಿಸುತ್ತದೆ. ಗಜ ದಪ್ಪದ ಗೋಡೆ ಬೇಸಗೆಯ ಬಿಸಿಯನ್ನು ತಡೆಯುತ್ತದೆ, ಬಾಗಿಲೊಂದೇ ಆದ್ದರಿಂದ ಕಾವಲು ಸುಲಭ. ಹೊಸ ಕಾಂಕ್ರೀಟು ಕಟ್ಟಡಗಳಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳಬೇಕಾದ ಅನುಕೂಲ ಇಲ್ಲಿ ಬಹಮನಿಗಳು ಬಿಟ್ಟುಹೋದದ್ದು.

ಬಿಡಾರ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನಗನಹಳ್ಳಿಯ ಅಕ್ಕನಂತಿರುವ ಅಮರಾವತಿಯ ಕಥೆ ಸಾಕು. 1845ರಲ್ಲಿ ವಾಲ್ಟರ್ ಎಲಿಯಟ್ ಅಲ್ಲಿ ಅಗೆದು ಮದ್ರಾಸಿಗೆ ಸಾಗಿಸಿದ ಕೆತ್ತನೆಗಳು ವರ್ಷಗಟ್ಟಲೆ ಬಯಲಲ್ಲೇ ಬಿದ್ದಿದ್ದವು. ಆಮೇಲೆ, 1859ರಲ್ಲಿ, ಹಡಗೇರಿ ಲಂಡನ್ನಿಗೆ ಹೋದವು. ಕಂಪನಿ ಸರ್ಕಾರ ಆಗಷ್ಟೇ ಮುಗಿದಿತ್ತು. ಅದರ ಮ್ಯೂಸಿಯಂ ಲೆಡನ್‌ಹಾಲ್ ಬೀದಿಯ ಮನೆ ಖಾಲಿಮಾಡಿ 1861ರಲ್ಲಿ ವೈಟ್‌ಹಾಲಿನ ಫೈಫ್ ಹೌಸ್ ಎಂಬ ಬಿಡಾರ ಸೇರಿತು. ಅಷ್ಟು ದೊಡ್ಡ ಕಲ್ಲಿಗೆ ಅಲ್ಲಿ ಜಾಗವೆಲ್ಲಿ? ಕುದುರೆಗಾಡಿ ನಿಲ್ಲಿಸುವ ಕೊಟ್ಟಿಗೆಗೆ ಹಾಕಿದರು. 1867ರ ಜನವರಿಯಲ್ಲಿ ಪ್ಯಾರಿಸಿನ ಪ್ರದರ್ಶನಕ್ಕೆ ಭಾರತದ ಕಟ್ಟಡಗಳ ಚಿತ್ರ ಹುಡುಕುತ್ತಿದ್ದ ಜೇಮ್ಸ್ ಫರ್ಗುಸನ್ ಆ ಕೊಟ್ಟಿಗೆಯಲ್ಲಿ ಅವನ್ನು ಕಂಡು ಹೊರಗೆ ತೆಗೆಸಿದ. ಮರುವರ್ಷ ಅವುಗಳ ಮೇಲೆ ದೊಡ್ಡ ಗ್ರಂಥವನ್ನೇ ತಂದ. ಕೆಲವು ಕಲ್ಲುಗಳು ಹೊರಗೋಡೆಯ ಮೇಲೆ ಲಂಡನ್ನಿನ ಹೊಗೆ, ಚಳಿ ತಿನ್ನುತ್ತ ಇದ್ದವು. ಬ್ರಿಟಿಷ್ ಮ್ಯೂಸಿಯಂ ಅವನ್ನು ತನ್ನೊಳಗೆ ಕರೆದುಕೊಂಡದ್ದು 1880ರಲ್ಲಿ. ಅಗೆದದ್ದರಿಂದ ಗೂಡು ಸೇರುವವರೆಗೆ ಮೂವತ್ತೈದು ವರ್ಷ. ಸಾಮ್ರಾಜ್ಯದ ರಾಜಧಾನಿಯಲ್ಲೂ ಇದೇ ಹಾಡಾಗಿದ್ದರೆ ಚಿತ್ತಾಪುರ ತಾಲ್ಲೂಕಿನ ಶೆಡ್ಡನ್ನೊಂದೇ ಬೈಯುವುದು ನ್ಯಾಯವಲ್ಲ. ಆದರೆ ಅವರ ಮೂವತ್ತೈದು ವರ್ಷದ ತಪ್ಪು ನಮ್ಮ ಮುಂದೆ ಪುಸ್ತಕದಲ್ಲಿತ್ತು. ಓದಿಯೂ ನಾವು ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಂಡದ್ದಕ್ಕೆ ನೆಪ ಹೇಳುವುದು ಕಷ್ಟ.

ಒಂದು ಅಡಚಣೆ ಕಾನೂನಿನದ್ದು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಚೈತ್ಯದ ಕಲ್ಲಿಗೆ ಚೈತ್ಯದ ಮಗ್ಗುಲಲ್ಲೇ ಗಟ್ಟಿ ಮಾಡು ಹಾಕುವ ದಾರಿ ಹೀಗೆ ಇಕ್ಕಟ್ಟಾಗುತ್ತದೆ. ಇನ್ನೊಂದು ಅಡಚಣೆ ಕೇಂದ್ರ, ರಾಜ್ಯಗಳ ನಡುವಿನದು. ಸ್ಮಾರಕ ಕೇಂದ್ರದ ಇಲಾಖೆಯದು, ರಸ್ತೆ, ನೀರು, ದೀಪ ರಾಜ್ಯದ್ದು. ರಾಜ್ಯ ಸರ್ಕಾರ ಸನ್ನತಿ ಅಭಿವೃದ್ಧಿ ಪ್ರಾಧಿಕಾರ ರಚಿಸಿತು, ಸಂಗ್ರಹಾಲಯಕ್ಕೂ ಬರುವ ಜನಕ್ಕೂ ಅಂತ ಕಟ್ಟಡಗಳು ಎದ್ದವು. ಕಟ್ಟಡ ಎದ್ದ ಮೇಲೂ ಬಹುಕಾಲ ಕಲ್ಲು ಶೆಡ್ಡಿನಲ್ಲಿ, ಕಟ್ಟಡ ಬೀಗದಲ್ಲಿ. ಬಳಸದ ಮನೆ ಬೇಗ ಹಾಳಾಗುತ್ತದೆ ಎಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ದಿನ ಒಲೆ ಹೊತ್ತದ ಮನೆಗೆ ಗೆದ್ದಲು ಹಿಡಿಯಲು ಒಂದು ಮಳೆಗಾಲ ಸಾಕು.

2022ರಲ್ಲಿ ಕೇಂದ್ರದ ಪುರಾತತ್ವ ಇಲಾಖೆ ಚೈತ್ಯದ ಪುನರುಜ್ಜೀವನದ ಕೆಲಸಕ್ಕೆ ಕೈಹಾಕಿತು. ಅಲ್ಲಿಗೆ ಮೊದಲಿನ ಗಂಟು ಮತ್ತೆ ಮೇಲೆ ಬಂತು: ಯಾವ ಕಲ್ಲು ಗೋಡೆಗೆ, ಯಾವ ಕಲ್ಲು ಒಳಗೆ?

ಇದಕ್ಕೆ ಮಿಕ್ಕ ಸ್ತೂಪಗಳು ಒಂದೊಂದು ಉತ್ತರ ಕೊಟ್ಟಿವೆ. ಸಾಂಚಿಯಲ್ಲಿ ಬಿದ್ದ ತೋರಣಗಳನ್ನು 1880ರ ದಶಕದಲ್ಲೇ ಎತ್ತಿ ನಿಲ್ಲಿಸಿದರು. 1912ರಿಂದ 1919ರವರೆಗೆ ಜಾನ್ ಮಾರ್ಷಲ್ ಉಳಿದದ್ದನ್ನು ಸರಿಪಡಿಸಿ, ಕೂರದ ತುಂಡುಗಳಿಗೆ ಗುಡ್ಡದ ಮೇಲೆಯೇ ಚಿಕ್ಕ ಸಂಗ್ರಹಾಲಯ ಕಟ್ಟಿಸಿದ. ಆದರೆ ಸಾಂಚಿಯದು ಮರಳುಗಲ್ಲು, ಮಳೆಯ ಹುಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ನಮ್ಮ ಕಲ್ಲಿನ ಜಾತಿಗೆ ಹತ್ತಿರದ ಉದಾಹರಣೆ ಕೃಷ್ಣೆಯ ಕೆಳಗಿನ ನಾಗಾರ್ಜುನಕೊಂಡ. ಅಣೆಕಟ್ಟಿನ ನೀರು ನಿಲ್ಲುವ ಮೊದಲು, 1954ರಿಂದ 1960ರವರೆಗೆ ಇಡೀ ಕಣಿವೆ ಅಗೆದು, ಸುಣ್ಣಕಲ್ಲಿನ ಕೆತ್ತನೆಗಳನ್ನು ಗುಡ್ಡದ ತುದಿಗೆ ಏರಿಸಿ, 1966ರ ಹೊತ್ತಿಗೆ ನಡುಗಡ್ಡೆಯ ಸಂಗ್ರಹಾಲಯ ತೆರೆದರು. ನೀರು ಏರುವ ದಿನ ಗೊತ್ತಿದ್ದರಿಂದ ಆ ಕೆಲಸ ಆಯಿತು. ಕನಗನಹಳ್ಳಿಗೆ ಅಂಥ ಗಡುವು ಇರಲಿಲ್ಲ, ಪ್ರತಿ ವರ್ಷದ ಮುಂಗಾರನ್ನು ಗಡುವೆಂದು ಯಾರೂ ಎಣಿಸಲಿಲ್ಲ.

ನನ್ನನ್ನು ಕೇಳಿದರೆ ಹೇಳುವುದಿಷ್ಟು. ಸಾದಾ ಚಪ್ಪಡಿ, ದಿಂಬಿನ ಕಲ್ಲು, ಬೇಲಿಯ ಕಂಬಗಳು ಚೈತ್ಯಕ್ಕೆ ಮರಳಲಿ. ಅವು ಮರಳಿದರೆ ಆಕಾರ ತಿಳಿಯುತ್ತದೆ, ಇಷ್ಟು ದೊಡ್ಡದನ್ನು ಈ ಹೊಲಗಳ ನಡುವೆ ಕಟ್ಟಿದ್ದರಲ್ಲ ಎಂದು ಶಾಲೆಯ ಹುಡುಗರಿಗೆ ಕಣ್ಣಾರೆ ಕಾಣುತ್ತದೆ. ಬರಹವಿರುವ ಕಲ್ಲು, ಅಶೋಕನ ಮತ್ತು ಸಾತವಾಹನ ಅರಸರ ಚಿತ್ರ, ಜಾತಕದ ಫಲಕಗಳು ಮಾಡಿನ ಕೆಳಗೆ ಇರಲಿ, ಅವುಗಳ ಜಾಗದಲ್ಲಿ ಪ್ರತಿಕೃತಿ ನಿಲ್ಲಲಿ. ಪ್ರತಿಕೃತಿಗೂ ಶಹಾಬಾದಿನ ಗಣಿಯ ಕಲ್ಲೇ ಬೇಕು, ಫೈಬರಿನ ಬೊಂಬೆ ಬೇಡ. ಕೆತ್ತುವ ಕೈ ಈ ಭಾಗದಲ್ಲಿ ಇನ್ನೂ ಇದೆ. ಮೂಲ ಕಲ್ಲುಗಳು ಕಲಬುರಗಿಗೋ ಬೆಂಗಳೂರಿಗೋ ಹೋಗದೆ ಕನಗನಹಳ್ಳಿಯಲ್ಲೇ ಉಳಿಯಬೇಕು ಎಂಬುದರಲ್ಲಿ ಈ ತಾಲ್ಲೂಕಿನಲ್ಲಿ ಎರಡು ಅಭಿಪ್ರಾಯ ನಾನು ಕೇಳಿಲ್ಲ. ಬೇರೆ ವಿಷಯಗಳಲ್ಲಿ ನಮ್ಮವರು ಇಷ್ಟು ಬೇಗ ಒಂದಾಗುವುದಿಲ್ಲ.

ಶೆಡ್ಡನ್ನು ಕಿತ್ತೆಸೆಯುವ ದಿನ ಬಂದಾಗ ಅದರ ಒಂದು ಕಡತವನ್ನಾದರೂ ಹೊಸ ಸಂಗ್ರಹಾಲಯ ಉಳಿಸಿಕೊಳ್ಳಬೇಕು: ಯಾವ ಸಾಲಿನಲ್ಲಿ ಯಾವ ಕಲ್ಲಿತ್ತು, ಯಾವ ವರ್ಷ ತಗಡು ಬದಲಾಯಿತು, ಕಾವಲಿಗೆ ಯಾರಿದ್ದರು. ರಾತ್ರಿ ಕಂದೀಲು ಹಿಡಿದು ಹಾವು, ಚೇಳಿನ ನಡುವೆ ಈ ಕಲ್ಲು ಕಾದವರು ಸುತ್ತಲಿನ ಹಳ್ಳಿಗಳವರು. ಉತ್ಖನನದ ವರದಿಗಳಲ್ಲಿ ಅವರಿಗೆ ಜಾಗವಿರುವುದಿಲ್ಲ, ಸಂಗ್ರಹಾಲಯದ ಚರಿತ್ರೆಯಲ್ಲಿ ಇರಬೇಕು.

ಈ ಬರಹ ಓದಿ ಹೋಗಿ ನೋಡಬೇಕೆನ್ನುವವರಿಗೆ ಒಂದು ಮಾತು. ನಾಲವಾರದಲ್ಲಿ ರೈಲು ಇಳಿದು ಬೆಳಿಗ್ಗೆಯೇ ಹೊರಡಿ, ಮೊದಲು ಕನಗನಹಳ್ಳಿ ಮುಗಿಸಿಕೊಂಡು ಆಮೇಲೆ ದೇವಸ್ಥಾನಕ್ಕೆ ಹೋಗಿ. ಎಳೆಬಿಸಿಲು ಓರೆಯಾಗಿ ಬೀಳುವಾಗ ಬ್ರಾಹ್ಮಿ ಅಕ್ಷರಗಳು ಎದ್ದು ಕಾಣುತ್ತವೆ. ಹನ್ನೊಂದರ ಮೇಲೆ ಅದೇ ಕಲ್ಲು ಬರೀ ಬಿಳಿಚಾಗಿ ಹೊಳೆಯುತ್ತದೆ, ಏನೂ ಓದಲಾಗುವುದಿಲ್ಲ. ನೀರು ಕಟ್ಟಿಕೊಂಡು ಹೋಗಿ. ಕಲ್ಲನ್ನು ಮುಟ್ಟಬೇಡಿ, ಕುಂಕುಮವನ್ನಂತೂ ಹಚ್ಚಲೇಬೇಡಿ.